ಹಸಿರು ಚುಕ್ಕಿಯ ನೀರು

ನೀವು ಕುಡಿಯುವ ನೀರು ಸಸ್ಯಾಹಾರವೋ ಮಾಂಸಾಹಾರವೋ ಎಂದು ಯಾರಾದರೂ ಕೇಳಿದರೆ ನಗುತ್ತೀರಿ. ನಮ್ಮೂರು ಕೋಡಿಹಿತ್ಲಿನಲ್ಲಿ ಯಾರೂ ನಗಲಿಲ್ಲ. ಹದಿಮೂರು ವರ್ಷದ ಹಿಂದೆ ಪುರಸಭೆಯ ಸಭಾಭವನದಲ್ಲಿ, ಕಡಲ ನೀರನ್ನು ಸಿಹಿ ಮಾಡುವ ನೀರಿನ ಮನೆಯ ಯೋಜನೆಯನ್ನು ಜನರ ಮುಂದಿಟ್ಟಾಗ ಎದ್ದ ಮೊದಲ ಪ್ರಶ್ನೆಯೇ ಅದು. ಆಗ ಊರಿನ ಬಾವಿಗಳೆಲ್ಲ ಉಪ್ಪಾಗಿ ನಾಲ್ಕು ವರ್ಷ ಕಳೆದಿತ್ತು. ಸ್ನಾನ ಮಾಡಿದರೆ ಮೈ ಬಿಳಿಚುತ್ತಿತ್ತು, ಬೇಳೆ ಬೇಯುತ್ತಿರಲಿಲ್ಲ, ಟ್ಯಾಂಕರಿನ ಹಿಂದೆ ಓಡಿ ಓಡಿ ಹೆಂಗಸರ ಸೊಂಟ ಬಿದ್ದುಹೋಗಿತ್ತು. ಆದರೂ ಕೇಳಿದ್ದು ಅದನ್ನೇ. ಜೀವ ಇರುವ ಚರ್ಮದ ಮೂಲಕ ಹಾದುಬಂದ ನೀರನ್ನು ದೇವರಿಗೆ ಇಡಬಹುದೇ ಎಂದು ಒಬ್ಬರು, ಆ ಜೀವಕ್ಕೆ ಏನು ತಿನ್ನಿಸುತ್ತೀರಿ ಎಂದು ಇನ್ನೊಬ್ಬರು.

ಉತ್ತರ ಕೊಟ್ಟವರು ಸೀತಾರಾಮ ಐತಾಳ ಮಾಷ್ಟ್ರು. ಯೋಜನೆ ಅವರದೇ. ಕಾಲೇಜಿನಲ್ಲಿ ನನಗೆ ಜೀವಶಾಸ್ತ್ರ ಕಲಿಸಿದವರು, ಆಮೇಲೆ ನನ್ನನ್ನು ಪ್ರಯೋಗಾಲಯಕ್ಕೆ ಕರೆದು ಕೂರಿಸಿದವರೂ ಅವರೇ. ಕಡಲ ಬಂಡೆಗಳ ಮೇಲೆ ಹೆಬ್ಬೆರಳಿನ ಗಾತ್ರದ ಹಸಿರು ಗುಳ್ಳೆಗಳು ಬೆಳೆಯುತ್ತವೆ. ಒಂದು ಗುಳ್ಳೆ ಅಂದರೆ ಒಂದೇ ಜೀವಕೋಶ. ನಮ್ಮ ಮೈಯ ಜೀವಕೋಶವನ್ನು ನೋಡಲು ಸೂಕ್ಷ್ಮದರ್ಶಕ ಬೇಕು, ಇದನ್ನು ಬೆರಳಲ್ಲಿ ಹಿಡಿಯಬಹುದು. ಆ ಪಾಚಿಯನ್ನು ತಿದ್ದಿ ತೀಡಿ, ಬಾಗಿಲಿನಷ್ಟು ಅಗಲದ ಚಪ್ಪಟೆ ಚೀಲವಾಗಿ ಬೆಳೆಯುವಂತೆ ಮಾಡಲು ಮಾಷ್ಟ್ರಿಗೆ ಹತ್ತು ವರ್ಷ ಹಿಡಿಯಿತು. ಒಂದು ಚೌಕಟ್ಟಿಗೆ ಒಂದು ಕೋಶ. ಅಂಥ ಆರುನೂರ ಹನ್ನೆರಡು ಚೌಕಟ್ಟು ನಮ್ಮ ನೀರಿನ ಮನೆಯಲ್ಲಿವೆ.

ಕೆಲಸ ಮಾಡುವುದು ಅದರ ಹೊರಪೊರೆ. ತಲೆಗೂದಲನ್ನು ಹತ್ತು ಸಾವಿರ ಸೀಳು ಮಾಡಿದರೆ ಒಂದು ಸೀಳು ಎಷ್ಟು ತೆಳುವೋ ಅಷ್ಟು ತೆಳು. ಕೊಬ್ಬಿನ ಅಣುಗಳು ಎರಡು ಪಂಕ್ತಿಯಲ್ಲಿ, ಬೆನ್ನಿಗೆ ಬೆನ್ನು ಕೊಟ್ಟು ಕೂತಿರುತ್ತವೆ. ತಲೆಗೆ ನೀರೆಂದರೆ ಇಷ್ಟ, ಅದು ಹೊರಗೆ. ಬಾಲಕ್ಕೆ ನೀರೆಂದರೆ ಆಗದು, ಅದು ಒಳಗೆ ಅಡಗಿರುತ್ತದೆ. ಹಾಗಾಗಿ ಒಳಗಿನದು ಒಳಗೆ, ಹೊರಗಿನದು ಹೊರಗೆ. ಆದರೆ ಪೂರ್ತಿ ಮುಚ್ಚಿಕೊಂಡು ಕೂತರೆ ಜೀವ ಉಳಿಯುವುದಿಲ್ಲವಲ್ಲ, ಅದಕ್ಕೆ ನಡುನಡುವೆ ಪ್ರೋಟೀನಿನ ಕಿಂಡಿಗಳು. ನಮ್ಮ ಪಾಚಿಯಲ್ಲಿ ಮಾಷ್ಟ್ರು ತುಂಬಿಸಿದ್ದು ನೀರನ್ನು ಮಾತ್ರ ಬಿಡುವ ಕಿಂಡಿಗಳು. ಒಂದು ಅಣುವಿನ ಹಿಂದೆ ಇನ್ನೊಂದು ಅಣು ಸಾಲಾಗಿ ನುಸುಳುತ್ತದೆ, ಉಪ್ಪು ಹೊರಗೇ ಉಳಿಯುತ್ತದೆ. ಹಿಂದಿನಿಂದ ಒತ್ತಡ ಕೊಟ್ಟು ಕಡಲನ್ನು ತಳ್ಳಿದರೆ ಮುಂದೆ ಸಿಹಿನೀರು.

ಈ ಪಾಚಿ ತಪ್ಪಿಸಿಕೊಂಡು ಕಡಲು ಸೇರಿದರೆ ಅನಾಹುತ. ಅದಕ್ಕಾಗಿ ಸ್ವಂತ ಕೊಬ್ಬು ತಯಾರಿಸುವ ಶಕ್ತಿಯನ್ನೇ ಅದರಿಂದ ಕಿತ್ತುಹಾಕಿದ್ದರು. ನಾವು ಉಣಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಏನು ಉಣಿಸುತ್ತೀರಿ ಎಂಬ ಪ್ರಶ್ನೆಗೆ ಮಾಷ್ಟ್ರು ಆ ಸಭೆಯಲ್ಲಿ ಎದ್ದುನಿಂತು, ತೆಂಗಿನೆಣ್ಣೆ, ಎಳ್ಳೆಣ್ಣೆಯಂಥ ಸಸ್ಯದ ಎಣ್ಣೆ, ಬೇರೇನೂ ಇಲ್ಲ, ಇದು ನನ್ನ ಮಾತು ಎಂದರು. ಬಿಸ್ಕತ್ತಿನ ಪೊಟ್ಟಣದ ಮೇಲಿರುವಂಥ ಹಸಿರು ಚುಕ್ಕಿಯನ್ನು ಎರಡಾಳೆತ್ತರಕ್ಕೆ ನೀರಿನ ತೊಟ್ಟಿಯ ಮೇಲೆ ಬಳಿಸಿದರು. ಅಷ್ಟಕ್ಕೂ ನಂಬದವರಿಗಾಗಿ ಇನ್ನೊಂದು ಕಟ್ಟಳೆಯನ್ನೂ ಸೇರಿಸಿದರು. ನೀರಿನ ಮನೆಯಲ್ಲಿ ಕೆಲಸ ಮಾಡುವವರು ಯಾರೂ ಮೀನು ಮುಟ್ಟುವಂತಿಲ್ಲ.

ಕೆಲಸಕ್ಕೆ ಸೇರಿದ ನಾನು ವಾರಿಜಾ ಮೊಗವೀರ. ನಮ್ಮ ಮನೆಯ ಅಂಗಳದಲ್ಲಿ ಮಲ್ಲಿಗೆಗಿಂತ ಒಣಮೀನಿನ ಪರಿಮಳ ಜಾಸ್ತಿ.

ಮೀನು ಬಿಟ್ಟೆ. ನಾಲಗೆ ಎರಡು ವರ್ಷ ಅತ್ತಿತು, ಆಮೇಲೆ ಸುಮ್ಮನಾಯಿತು. ಸುಮ್ಮನಾಗದಿದ್ದದ್ದು ನಮ್ಮ ಕೇರಿ. ಒಡಹುಟ್ಟಿದ ಅಣ್ಣ ಶೀನಣ್ಣನ ಮನೆಗೆ ಹೋದರೆ ಅತ್ತಿಗೆ ನನಗೆಂದು ಬೇರೆ ಪಾತ್ರೆ ತೊಳೆದು ಬೇಳೆಸಾರು ಮಾಡುತ್ತಿದ್ದಳು. ಎಲ್ಲರೂ ಸಾರಿನ ಬಟ್ಟಲಿಗೆ ಕೈಯಿಟ್ಟು ನಗುವಾಗ ನಾನೊಬ್ಬಳು ಬದಿಯಲ್ಲಿ ಕೂತು ನೆಂಟಳಂತೆ ಉಣ್ಣುತ್ತಿದ್ದೆ. ಹೋಗುವುದು ವಾರಕ್ಕೊಮ್ಮೆ ಇದ್ದದ್ದು ತಿಂಗಳಿಗಾಯಿತು, ಆಮೇಲೆ ಹಬ್ಬಕ್ಕಾಯಿತು, ಆಮೇಲೆ ಯಾರೂ ಕರೆಯಲೂ ಇಲ್ಲ, ನಾನು ಹೋಗಲೂ ಇಲ್ಲ. ಮದುವೆಯೂ ಆಗಲಿಲ್ಲ. ನೀರಿನ ಮನೆಯ ಹಿಂದೆ ಎರಡು ಕೋಣೆಯ ವಸತಿ, ನಾಲ್ಕು ಹೆಜ್ಜೆಗೆ ಕೆಲಸ. ನನಗೆ ನಲವತ್ತಾರು ವರ್ಷ. ದಿನಕ್ಕೆ ನಾನು ಆಡುವ ಮಾತು ಎಷ್ಟು ಎಂದು ಒಮ್ಮೆ ಎಣಿಸಲು ಹೊರಟು, ಮಧ್ಯಾಹ್ನದವರೆಗೆ ಒಂದೂ ಸಿಗದೆ ಬಿಟ್ಟುಬಿಟ್ಟೆ.

ಸಿಗುತ್ತಿದ್ದದ್ದು ಮಧ್ಯಾಹ್ನ. ಒಂದು ಗಂಟೆಗೆ ನಾನು ಮಾಷ್ಟ್ರ ಮನೆಗೆ ಊಟಕ್ಕೆ ಹೋಗುತ್ತಿದ್ದೆ. ಶುರುವಾದದ್ದು ಮೊದಲ ವರ್ಷ ನನಗೆ ಜ್ವರ ಬಂದಾಗ, ಆಮೇಲೆ ಯಾರೂ ನಿಲ್ಲಿಸಲಿಲ್ಲ. ಮಾಷ್ಟ್ರ ಹೆಂಡತಿ ಕಮಲಾಕ್ಷಿಯಮ್ಮ ಜಗಲಿಯಲ್ಲಿ ಬಾಳೆಲೆ ಹಾಸಿ ಬಡಿಸುತ್ತಿದ್ದರು, ನಾನು ಉಂಡು ಮುಗಿಸುವವರೆಗೆ ಹೊಸ್ತಿಲ ಒಳಗೆ ಕೂತು ಮಾತಾಡುತ್ತಿದ್ದರು. ಒಳಗೆ ಬಾ ಎಂದು ಅವರು ಕರೆದದ್ದಿಲ್ಲ, ನಾನು ಬಯಸಿದ್ದೂ ಇಲ್ಲ. ಸುಳ್ಳು, ಬಯಸಿದ್ದೇನೆ. ಆದರೆ ಹನ್ನೆರಡು ವರ್ಷ ದಿನವೂ ನಿನಗೆ ಇನ್ನಷ್ಟು ಹಾಕಲಾ ಎಂದು ಕೇಳುವ ಒಬ್ಬರಿದ್ದರು. ಅದು ಇರುವವರಿಗೆ ಸಣ್ಣ ವಿಷಯ. ನನಗೆ ಇದ್ದದ್ದು ಅದೊಂದೇ.

ಈ ವರ್ಷ ಮಳೆಗಾಲದಲ್ಲಿ ಗಾಳಿ ಬಂತು, ಮಳೆ ಬರಲಿಲ್ಲ. ಆಗಸ್ಟಿನ ಕೊನೆಯ ವಾರ ಊಟಕ್ಕೆ ಹೋದಾಗ ಕಮಲಾಕ್ಷಿಯಮ್ಮ ತೆಂಗಿನೆಣ್ಣೆಯ ಬಾಟಲಿಯನ್ನು ಅಂಗಳದ ಬಿಸಿಲಿಗೆ ಇಟ್ಟಿದ್ದರು. ಎಣ್ಣೆ ಬೆಳ್ಳಗೆ ಹೆಪ್ಪುಗಟ್ಟಿ ಕುತ್ತಿಗೆವರೆಗೆ ನಿಂತಿತ್ತು.

“ಕಾಣ್ ಹೆಣೆ, ಶ್ರಾವಣದಗೆ ಎಣ್ಣೆ ಗಟ್ಟಿ ಆದ್ದ್ ನಾ ಕಂಡದ್ದೇ ಇಲ್ಲ” ಎಂದರು.

ನಾನೂ ಕಂಡಿರಲಿಲ್ಲ. ಕಡಲ ನೀರಿನ ಉಷ್ಣತೆ ಇಳಿಯುತ್ತಿರುವುದು ಮೂರು ದಿನದಿಂದ ನನ್ನ ಪರದೆಯ ಮೇಲೆ ಅಂಕಿಯಾಗಿ ಕೂತಿತ್ತು. ಮಳೆಗಾಲದ ಗಾಳಿ ದಡದ ಬಳಿಯ ಮೇಲಿನ ನೀರನ್ನು ಆಚೆಗೆ ತಳ್ಳುತ್ತದೆ, ಆಳದ ತಣ್ಣನೆಯ ನೀರು ಆ ಜಾಗಕ್ಕೆ ಏರಿ ಬರುತ್ತದೆ. ಪ್ರತಿ ವರ್ಷ ಎರಡು ಮೂರು ಡಿಗ್ರಿ ಇಳಿಯುವುದುಂಟು. ಈ ಸಲ ಇಪ್ಪತ್ತಕ್ಕೆ ಬಂದಿತ್ತು, ಇನ್ನೂ ಇಳಿಯುತ್ತಿತ್ತು. ಅಂಕಿ ನೋಡಿ ಹೆದರದ ನಾನು ಬಾಟಲಿ ನೋಡಿ ಹೆದರಿದೆ. ಎಲೆಯಲ್ಲಿ ಅನ್ನ ಬಿಟ್ಟು ಎದ್ದೆ. ಕಮಲಾಕ್ಷಿಯಮ್ಮ ಮಜ್ಜಿಗೆ ಹಿಡಿದು ನಿಂತೇ ಇದ್ದರು.

ಪಂಕ್ತಿಯಲ್ಲಿ ಕೂತ ಕೊಬ್ಬಿನ ಅಣುಗಳು ಸುಮ್ಮನೆ ಕೂತಿರುವುದಿಲ್ಲ. ಅತ್ತಿತ್ತ ಸರಿಯುತ್ತಿರುತ್ತವೆ. ಪೊರೆ ಎಂದರೆ ಗಟ್ಟಿ ಹಾಳೆಯಲ್ಲ, ಹರಿದಾಡುವ ಎಣ್ಣೆಯ ಪದರ. ಹಾಗಿದ್ದರೇ ಅದು ಬಾಗುತ್ತದೆ, ತೂತು ಬಿದ್ದರೆ ತಾನೇ ಮುಚ್ಚಿಕೊಳ್ಳುತ್ತದೆ, ಕಿಂಡಿಗಳು ತೆರೆದಿರುತ್ತವೆ. ತೆಂಗಿನೆಣ್ಣೆಯ ಅಣುಗಳ ಬಾಲ ನೆಟ್ಟಗೆ. ಚಳಿ ಬಿದ್ದರೆ ಒಂದಕ್ಕೊಂದು ಒತ್ತಿ ಕೂತು ಮರಗಟ್ಟುತ್ತವೆ. ಎಳ್ಳೆಣ್ಣೆಯ ಬಾಲದಲ್ಲಿ ಒಂದೆರಡು ಕಡೆ ಮಡಿಕೆ ಇದೆ, ಮೊಣಕಾಲು ಮಡಚಿ ಕೂತವರ ಹಾಗೆ ನಡುವೆ ಜಾಗ ಉಳಿಯುತ್ತದೆ. ತಣ್ಣೀರಿನಲ್ಲಿ ಬದುಕುವ ಮೀನಿನ ಕೊಬ್ಬಿನಲ್ಲಿ ಐದಾರು ಮಡಿಕೆ. ಅದು ಎಂಥ ಚಳಿಗೂ ಗಟ್ಟಿಯಾಗುವುದಿಲ್ಲ. ಇಂಥದೇ ಎಣ್ಣೆಯನ್ನು ಒಂದು ಜಾತಿಯ ಸೂಕ್ಷ್ಮ ಪಾಚಿಯಿಂದಲೂ ತೆಗೆಯುತ್ತಾರೆ, ಅದಕ್ಕೆ ಹಸಿರು ಚುಕ್ಕಿಯೂ ಸಿಗುತ್ತದೆ. ಮಾಷ್ಟ್ರು ಆ ಎಣ್ಣೆಯನ್ನು ತರಿಸಲೆಂದೇ ಬೆಂಗಳೂರಿಗೆ ಹೋಗಿ ಎರಡು ದಿನವಾಗಿತ್ತು. ಸಂಜೆ ಫೋನ್ ಮಾಡಿ, ಕಾರ್ಖಾನೆ ದುರಸ್ತಿಗೆ ಮುಚ್ಚಿದೆ, ಎಣ್ಣೆ ಬರಲು ಹದಿನೆಂಟು ದಿನವಾಗುತ್ತದೆ ಎಂದರು.

ಹದಿನೆಂಟು ದಿನ ನಮಗಿರಲಿಲ್ಲ. ಮೊದಲ ದಿನ ಒಂಬತ್ತು ಚೌಕಟ್ಟು ಸತ್ತವು. ಅಂಚಿನಲ್ಲಿ ಬಿರುಕು ಬಿಟ್ಟು, ಹಸಿರು ಹೋಗಿ ಕಂದಾಗಿ, ಒಳಗಿನ ರಸವೆಲ್ಲ ತೊಟ್ಟಿಗೆ ಸೋರಿತು. ಎಳ್ಳೆಣ್ಣೆಯನ್ನು ಮೂರು ಪಟ್ಟು ಮಾಡಿದೆ. ಎರಡನೆಯ ದಿನ ಮೂವತ್ತೊಂದು ಸತ್ತವು. ಒಳಬರುವ ನೀರನ್ನು ಬಿಸಿ ಮಾಡಲು ನೋಡಿದೆ, ಆದರೆ ಅಷ್ಟು ನೀರಿಗೆ ನಮ್ಮ ಬಾಯ್ಲರು ಯಾವ ಮೂಲೆಗೆ? ಮೂರನೆಯ ದಿನ ಬೆಳಿಗ್ಗೆ ಎಪ್ಪತ್ತು. ನಾನೂರಕ್ಕಿಂತ ಕೆಳಗಿಳಿದರೆ ಉಳಿದವುಗಳ ಮೇಲೆ ಒತ್ತಡ ಹೆಚ್ಚಿ ಎಲ್ಲವೂ ಒಟ್ಟಿಗೆ ಹೋಗುತ್ತವೆ. ಆಮೇಲೆ ಮೊದಲಿನಿಂದ ಬೆಳೆಸಿ ಮತ್ತೆ ನೀರು ಕೊಡಲು ಹನ್ನೊಂದು ತಿಂಗಳು ಬೇಕು. ಊರಿನಲ್ಲಿ ನಲವತ್ತು ಸಾವಿರ ಜನ.

ಸತ್ತ ಚೌಕಟ್ಟುಗಳನ್ನು ಒಂದೊಂದಾಗಿ ಎಳೆದು ಹಾಕುವಾಗ ನನಗೆ ಅಳು ಬಂತು. ನಾಚಿಕೆಯಿಲ್ಲದೆ ಹೇಳುತ್ತೇನೆ, ಅವುಗಳ ಹತ್ತಿರ ನಾನು ಮಾತಾಡುತ್ತಿದ್ದೆ. ಹನ್ನೆರಡು ವರ್ಷ ಬೆಳಿಗ್ಗೆದ್ದು ನಾನು ಮುಖ ನೋಡಿದ್ದು ಅವುಗಳದ್ದೇ.

ಮಾಷ್ಟ್ರಿಗೆ ಫೋನ್ ಮಾಡಲು ಕೈಗೆತ್ತಿಕೊಂಡೆ, ಮಾಡಲಿಲ್ಲ. ಮೀನೆಣ್ಣೆ ಹಾಕಲೇ ಎಂದು ಕೇಳಿದರೆ ಬೇಡ ಎನ್ನುತ್ತಾರೆ, ಪೊರೆ ಸಾಯುತ್ತದೆ. ಅಥವಾ ಹಾಕು ಎನ್ನುತ್ತಾರೆ, ಊರಿನ ಮುಂದೆ ಕೊಟ್ಟ ಮಾತನ್ನು ತಾವೇ ಮುರಿದಂತಾಗುತ್ತದೆ. ಎರಡೂ ಆಗದಂತೆ ನಾನೇ ಮಾಡಿಬಿಟ್ಟರೆ ತಪ್ಪು ನನ್ನೊಬ್ಬಳದ್ದು ಎಂದುಕೊಂಡೆ. ಆಗ ಅದು ಬಹಳ ಬುದ್ಧಿವಂತಿಕೆಯ ಲೆಕ್ಕ ಅನ್ನಿಸಿತ್ತು.

ಬಂದರಿನ ಪಕ್ಕ ಶೀನಣ್ಣನ ಮೀನೆಣ್ಣೆ ಮಿಲ್ಲು. ಮೂರು ವರ್ಷದ ಮೇಲೆ ಅಲ್ಲಿಗೆ ಕಾಲಿಟ್ಟೆ. ತಣ್ಣೀರು ಏರಿದರೆ ಬೂತಾಯಿ ಮೀನು ಹಿಂಡು ಹಿಂಡಾಗಿ ದಡಕ್ಕೆ ಬರುತ್ತದೆ. ನನಗೆ ಸಾವು ತಂದ ನೀರೇ ನಮ್ಮ ಕೇರಿಗೆ ಹಬ್ಬ ತಂದಿತ್ತು. ಅಂಗಳದ ತುಂಬ ಬುಟ್ಟಿ, ಕಡಾಯಿಯಲ್ಲಿ ಕುದಿಯುವ ಬೂತಾಯಿ, ಹೆಂಗಸರ ಗಲಾಟೆ. ನನ್ನನ್ನು ಕಂಡು ಎಲ್ಲರೂ ಮಾತು ನಿಲ್ಲಿಸಿದರು. ಶೀನಣ್ಣ ಕೈ ಒರೆಸಿಕೊಂಡು ಬಂದ. ಹನ್ನೆರಡು ವರ್ಷ ಮೀನು ಬೇಡವೆಂದು ಕೂತವಳಿಗೆ ಈಗ ನೆನಪಾಯಿತಾ ಎಂದು ಚುಚ್ಚಿದ. ನಾನು ಸಂಗತಿ ಹೇಳಿದೆ. ಆಮೇಲೆ ಅವನ ಮುಖದಲ್ಲಿ ಬಂದ ಬೆಳಕನ್ನು ನಾನು ಅವನ ಮದುವೆಯ ದಿನವೂ ಕಂಡಿರಲಿಲ್ಲ. ಎಲ್ಲಕ್ಕಿಂತ ತಿಳಿಯಾದ, ಮೂರು ಸಲ ಸೋಸಿದ ಎಣ್ಣೆಯನ್ನೇ ಆರಿಸಿ ಆರು ಕ್ಯಾನು ತುಂಬಿಸಿದ. ಯಾರಿಗೂ ಹೇಳುವುದಿಲ್ಲ ಎಂದು ತಾನಾಗಿಯೇ ಹೇಳಿದ. ಊಟ ಮಾಡಿಕೊಂಡು ಹೋಗು ಎಂದೂ ಹೇಳಿದ. ಸಮಯವಿರಲಿಲ್ಲ.

ಆರು ತಾಸು ಕಳೆಯುವುದರೊಳಗೆ ಪೊರೆ ಆ ಎಣ್ಣೆಯನ್ನು ಎಳೆದುಕೊಳ್ಳತೊಡಗಿತು. ಮರುದಿನ ಸತ್ತವು ನಾಲ್ಕು. ಅದರ ಮರುದಿನ ಒಂದೂ ಇಲ್ಲ. ಸೂಕ್ಷ್ಮದರ್ಶಕದ ಕೆಳಗೆ ನೋಡಿದೆ, ಮರಗಟ್ಟಿದ ಕಲೆಗಳು ಕರಗಿ ಪೊರೆ ಮತ್ತೆ ಹರಿದಾಡುತ್ತಿತ್ತು. ನೀರನ್ನು ಇಪ್ಪತ್ತು ಬಗೆಯಲ್ಲಿ ಪರೀಕ್ಷಿಸಿದೆ. ಆಚೆಗೆ ಹೋಗುವ ನೀರಿನಲ್ಲಿ ಎಣ್ಣೆಯ ಒಂದು ಅಣುವೂ ಇರಲಿಲ್ಲ. ಇರಲು ಸಾಧ್ಯವೂ ಇಲ್ಲ, ಕಿಂಡಿ ಬಿಡುವುದು ನೀರನ್ನು ಮಾತ್ರ. ದಿನಚರಿ ಪುಸ್ತಕದಲ್ಲಿ ‘ಎಣ್ಣೆಯ ಮಿಶ್ರಣ ಬದಲಿಸಲಾಗಿದೆ’ ಎಂದು ಬರೆದೆ.

ಬೆಂಗಳೂರಿನಿಂದ ಬಂದ ಮಾಷ್ಟ್ರು ಚೌಕಟ್ಟುಗಳ ನಡುವೆ ಓಡಾಡಿ, ದಿನಚರಿ ನೋಡಿ, ಎಳ್ಳೆಣ್ಣೆಯಲ್ಲಿ ಇಷ್ಟಾದೀತು ಎಂದು ತಾವೂ ಎಣಿಸಿರಲಿಲ್ಲ ಎಂದರು. ನಾನು ದಿನಚರಿಯನ್ನು ಮುಚ್ಚಿ ಒಳಗಿಟ್ಟೆ. ಅವರು ನನ್ನ ಬೆನ್ನು ತಟ್ಟಿದರು. ಅಂದಿನಿಂದ ಜಗಲಿಯಲ್ಲಿ ಇನ್ನಷ್ಟು ಹಾಕಲಾ ಎಂದರೆ ಎಲೆಗೆ ಕೈ ಅಡ್ಡ ಹಿಡಿಯತೊಡಗಿದೆ. ಕಮಲಾಕ್ಷಿಯಮ್ಮ ಅದೇ ನೀರಿನಲ್ಲಿ ಅನ್ನ ಮಾಡುತ್ತಿದ್ದರು, ಅದೇ ನೀರಿನಲ್ಲಿ ದೇವರನ್ನು ತೊಳೆಯುತ್ತಿದ್ದರು. ನಾನು ಬಲ್ಲೆ, ನೀರು ಶುದ್ಧ. ಆದರೆ ಅವರು ಕೇಳುತ್ತಿದ್ದದ್ದು ನೀರಿನಲ್ಲಿ ಏನಿದೆ ಎಂದಲ್ಲ, ಅದು ಯಾವುದನ್ನು ಹಾದು ಬಂದಿದೆ ಎಂದು. ಅದಕ್ಕೆ ನನ್ನ ಇಪ್ಪತ್ತು ಪರೀಕ್ಷೆಗಳಲ್ಲಿ ಉತ್ತರವಿರಲಿಲ್ಲ. ಹೇಳದೆ ಇದ್ದುಬಿಡಬಹುದಿತ್ತು. ಪಾಚಿಯ ಎಣ್ಣೆ ಬಂದ ಮೇಲೆ ನಲವತ್ತು ದಿನದಲ್ಲಿ ಹಳೆಯ ಕೊಬ್ಬೆಲ್ಲ ಬದಲಾಗುತ್ತದೆ, ಮೀನಿನ ಗುರುತೂ ಉಳಿಯುವುದಿಲ್ಲ. ನಲವತ್ತು ದಿನ ಬಾಯಿ ಮುಚ್ಚಿಕೊಂಡಿದ್ದರೆ ನನ್ನ ಎಲೆ ನನಗೆ ಉಳಿಯುತ್ತಿತ್ತು. ಹದಿಮೂರು ದಿನ ಮುಚ್ಚಿಕೊಂಡಿದ್ದೆ.

ಹದಿಮೂರನೆಯ ದಿನ ಊಟವಾಗಿ ಎಲೆ ತೆಗೆಯುವಾಗ ಕಮಲಾಕ್ಷಿಯಮ್ಮ ಒಳಗಿನಿಂದ ಬೆಳ್ಳಿಯ ಚೆಂಬೊಂದನ್ನು ತಂದು ಹೊಸ್ತಿಲ ಮೇಲಿಟ್ಟರು. ಮರುದಿನ ಅನಂತನ ವ್ರತ. ಆ ದಿನ ಕಲಶದಲ್ಲಿ ನೀರು ತುಂಬಿ, ಅದನ್ನೇ ಯಮುನೆ ಎಂದು ಪೂಜಿಸುತ್ತಾರೆ. ಅವರ ಬಾವಿ ಉಪ್ಪಾದ ಮೇಲೆ ಮಾಷ್ಟ್ರೇ ನೀರಿನ ಮನೆಯಿಂದ ತಂದುಕೊಡುತ್ತಿದ್ದರು. ಈ ಸಲ ಅವರಿಗೆ ಕಾಲುನೋವು.

“ಬೆಳಿಗ್ಗಿನ ಮೊದಲ ನೀರ್ ನೀನೇ ತಂದ್ಕೊಡ್ ಹೆಣೆ” ಎಂದರು. “ಬೇರೆ ಯಾರ್ ಕೈಯಗೂ ಕೊಡ್ಬೇಡ. ಊರ್ ಇಡೀ ಉಳಿದದ್ದ್ ನಿನ್ನ್ ಕೈಯಿಂದ.”

ಆ ಮನೆಯ ಪೂಜೆಯ ಪಾತ್ರೆಯನ್ನು ನನ್ನ ಕೈಗೆ ಕೊಡುತ್ತಿರುವುದು ಅದೇ ಮೊದಲು. ಎಷ್ಟು ವರ್ಷ ಕಾದಿದ್ದೆನೋ ಅದು ಹೊಸ್ತಿಲ ಮೇಲೆ ಕೂತಿತ್ತು. ತೆಗೆದುಕೊಂಡು ಎದ್ದು ಹೋಗಿದ್ದರೆ ಮುಗಿಯುತ್ತಿತ್ತು. ಕೈ ಚಾಚಿದೆ, ಆಗಲಿಲ್ಲ.

“ಅಮ್ಮ, ಆ ನೀರ್ ಬೇಡ” ಎಂದೆ. “ಪೊರೆ ಸಾಯ್ತಾ ಇತ್ತ್. ನಾ ಬೂತಾಯಿ ಎಣ್ಣೆ ಹಾಕಿದ್ದೆ. ಮಾಷ್ಟ್ರಿಗೂ ಗೊತ್ತಿಲ್ಲ.”

ಅವರು ನನ್ನನ್ನು ನೋಡಿದರು, ಚೆಂಬನ್ನು ನೋಡಿದರು. ಒಳಗೆ ಒಲೆಯ ಮೇಲೆ ಏನೋ ಕುದಿಯುತ್ತಿತ್ತು. ಎಷ್ಟು ದಿನವಾಯಿತು ಎಂದು ಕೇಳಿದರು. ಹದಿಮೂರು ಎಂದೆ.

“ಅಷ್ಟೂ ದಿನ ನೀ ಇಲ್ಲಿ ಕೂತ್ಕಂಡ್ ಉಂಡೆ” ಎಂದರು. “ನಾ ದೇವರಿಗ್ ಎರೆಯುದ್ ಕಾಣ್ತಾ ಕೂತ್ಕಂಡ್ ಉಂಡೆ.”

ದನಿ ಏರಿರಲಿಲ್ಲ. ಚೆಂಬನ್ನು ಎತ್ತಿಕೊಂಡು ಒಳಗೆ ಹೋದರು. ಒಲೆ ಆರಿಸಿದ ಸದ್ದು, ಅನ್ನದ ಪಾತ್ರೆಯನ್ನು ಹಿತ್ತಿಲಿಗೆ ಒಯ್ದು ಬಗ್ಗಿಸಿದ ಸದ್ದು ಕೇಳಿತು. ನಾನು ಎಲೆ ಹಿಡಿದುಕೊಂಡು ಜಗಲಿಯಲ್ಲಿ ನಿಂತೇ ಇದ್ದೆ. ಅವರು ಹೊರಗೆ ಬರಲಿಲ್ಲ.

ಮಾಷ್ಟ್ರಿಗೆ ಕಚೇರಿಯಲ್ಲಿ ಹೇಳಿದೆ. ಅವರು ಕೂಗಾಡುತ್ತಾರೆ ಎಂದುಕೊಂಡಿದ್ದೆ, ಕೂಗಾಡಿದ್ದರೆ ಚೆನ್ನಾಗಿತ್ತು. ಬಹಳ ಹೊತ್ತು ಕನ್ನಡಕ ಒರೆಸಿದರು. ನನಗೆ ಯಾಕೆ ಫೋನ್ ಮಾಡಲಿಲ್ಲ ಎಂದು ಕೇಳಿದರು. ನಿಮ್ಮ ಮಾತು ಉಳಿಯಲಿ ಎಂದು ಮಾಡಲಿಲ್ಲ ಎಂದೆ.

“ಫೋನ್ ಮಾಡಿದ್ರೆ ನಾ ಎಂತ ಹೇಳ್ತಿದ್ದೆ ಅಂದೇಳಿ ನಂಗೇ ಗೊತ್ತಿಲ್ಲ, ವಾರಿಜಾ” ಎಂದರು. “ಅದನ್ನ್ ತಿಳ್ಕಂಬ ಅವಕಾಶ ನೀ ನಂಗೆ ಕೊಡ್ಲಿಲ್ಲ.”

ಮರುದಿನವೇ ಅವರು ಪುರಸಭೆಗೆ ಪತ್ರ ಬರೆದರು. ಹಸಿರು ಚುಕ್ಕಿಯ ಮೇಲೆ ಸುಣ್ಣ ಬಳಿಸಿದರು.

ಊರು ಎರಡಾಯಿತು. ಅರ್ಧ ಊರಿಗೆ ಏನೂ ಅನ್ನಿಸಲಿಲ್ಲ, ನಲ್ಲಿ ತಿರುಗಿಸಿ ಕುಡಿಯಿತು. ಇನ್ನರ್ಧ ಊರು ಘಟ್ಟದಿಂದ ನೀರು ತರುವ ಟ್ಯಾಂಕರಿನ ಮುಂದೆ ಕೊಡ ಹಿಡಿದು ನಿಂತಿತು. ಒಂದು ಹೋಟೆಲಿನವರು ‘ಇಲ್ಲಿ ಘಟ್ಟದ ನೀರು ಮಾತ್ರ’ ಎಂದು ಬೋರ್ಡು ಹಾಕಿದರು, ಎದುರಿನ ಹೋಟೆಲಿನವರು ಬೋರ್ಡು ಹಾಕದೆ ವ್ಯಾಪಾರ ಹೆಚ್ಚಿಸಿಕೊಂಡರು. ಕಲ್ಯಾಣಮಂಟಪದಲ್ಲಿ ಗಂಡಿನ ಕಡೆಯವರಿಗೆ ಒಂದು ಡ್ರಮ್ಮು, ಹೆಣ್ಣಿನ ಕಡೆಯವರಿಗೆ ಇನ್ನೊಂದು. ಹತ್ತು ದಿನವಾದ ಮೇಲೆ ಟ್ಯಾಂಕರಿನ ಸಾಲು ಸಣ್ಣದಾಗುತ್ತ ಬಂತು. ಪಡಸಾಲೆಯಲ್ಲಿ ಘಟ್ಟದ ನೀರಿನ ಕೊಡ ಇಟ್ಟು, ಅಡುಗೆಮನೆಯಲ್ಲಿ ನಲ್ಲಿ ತಿರುಗಿಸುವವರು ಎಷ್ಟು ಮನೆ ಎಂದು ಯಾರಿಗೂ ಗೊತ್ತಾಗಲಿಲ್ಲ. ನನಗೆ ಗೊತ್ತಾಗುತ್ತಿತ್ತು. ನನ್ನ ಮೀಟರಿನ ಮುಳ್ಳು ಸುಳ್ಳು ಹೇಳುವುದಿಲ್ಲ.

ಪುರಸಭೆಯ ಸಭೆಗೆ ನನ್ನನ್ನು ಕರೆದರು. ಕೆಲವರು ಕೆಲಸದಿಂದ ತೆಗೆಯಬೇಕು ಎಂದರು, ಕೆಲವರು ಹಾರ ಹಾಕಬೇಕು ಎಂದರು. ಎದುರಿನ ಸಾಲಿನಲ್ಲಿ ಮಾಷ್ಟ್ರು ತಲೆ ತಗ್ಗಿಸಿ ಕೂತಿದ್ದರು. ಅವರ ತಲೆ ಎತ್ತಿಸಲು ನನಗೆ ತೋಚಿದ್ದು ಒಂದೇ. ಎದ್ದು ನಿಂತು, ಇದರಲ್ಲಿ ಮಾಷ್ಟ್ರ ಕೈಯಿಲ್ಲ, ಮೀನೆಣ್ಣೆ ಹಾಕಿದ್ದು ನನ್ನ ತಪ್ಪು, ಊರಿನ ನೀರನ್ನು ಕೆಡಿಸಿದ್ದಕ್ಕೆ ಕ್ಷಮೆ ಕೇಳುತ್ತೇನೆ ಎಂದೆ. ಮಾಷ್ಟ್ರು ತಲೆ ಎತ್ತಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಶೀನಣ್ಣ ನೀರಿನ ಮನೆಯ ಗೇಟಿನ ಹೊರಗೆ ನಿಂತಿದ್ದ. ಒಳಗೆ ಕರೆದೆ, ಬರಲಿಲ್ಲ.

“ನಾವ್ ಮೂರ್ ಸಲ ಸೋಸಿ ಕೊಟ್ಟದ್ದ್, ತಂಗೀ” ಎಂದ. “ಊರ್ ಉಳ್ಸಿದ್ದ್ ನಮ್ಮ ಎಣ್ಣೆ. ನೀ ಎಲ್ಲರ ಮುಂದೆ ನಿಂತ್ಕಂಡ್ ಅದನ್ನ ಕೆಡ್ಸಿದ್ದ್ ಅಂದ್ಯಲ್ಲ. ಕೇರಿಯಗೆ ನಾ ಎಂತ ಹೇಳುದ್?”

ಹಾಗಲ್ಲ ಅಣ್ಣ ಎಂದೆ. ಹೇಗೆ ಎಂದು ಅವನು ಕೇಳಿದ. ಒಬ್ಬರ ಮುಂದೆ ತಲೆ ಬಗ್ಗಿಸುವ ಭರದಲ್ಲಿ ಇನ್ನೊಬ್ಬರ ಮುಖಕ್ಕೆ ಮಸಿ ಬಳಿದಿದ್ದೆ, ಅದು ಅವನು ಹೇಳುವವರೆಗೆ ನನಗೆ ಹೊಳೆದಿರಲೂ ಇಲ್ಲ. ಹನ್ನೆರಡು ವರ್ಷದಲ್ಲಿ ನಾನು ಬಿಟ್ಟದ್ದು ಮೀನನ್ನು ಮಾತ್ರ ಎಂದುಕೊಂಡಿದ್ದೆ. ಅವನು ಬಂದರಿನ ಕಡೆಗೆ ನಡೆದುಹೋದ. ಅತ್ತಿಗೆಯ ಫೋನಿಗೆ ನಾಲ್ಕು ಸಲ ಮಾಡಿದೆ, ಎತ್ತಲಿಲ್ಲ.

ಪಾಚಿಯ ಎಣ್ಣೆ ಬಂತು. ಅಕ್ಟೋಬರಿನಲ್ಲಿ ಗಾಳಿ ತಿರುಗಿ ಕಡಲು ಬೆಚ್ಚಗಾಯಿತು. ಸತ್ತ ಚೌಕಟ್ಟುಗಳಲ್ಲಿ ಎಳೆಯ ಕೋಶಗಳನ್ನು ಕೂರಿಸಿದೆ. ನಲವತ್ತನೆಯ ದಿನ ಜಿಲ್ಲೆಯಿಂದ ಬಂದ ಪರೀಕ್ಷಕರು ಪೊರೆಯ ತುಣುಕು ತೆಗೆದು ನೋಡಿ, ಮೀನಿನ ಕೊಬ್ಬಿನ ಕುರುಹಿಲ್ಲ ಎಂದು ಬರೆದುಕೊಟ್ಟರು. ಸುಣ್ಣ ಕೆರೆದು ಮತ್ತೆ ಹಸಿರು ಬಳಿದರು. ಟ್ಯಾಂಕರು ನಿಂತಿತು, ಹೋಟೆಲಿನ ಬೋರ್ಡು ಇಳಿಯಿತು, ಜನ ಬೇರೆ ಜಗಳಕ್ಕೆ ಹೋದರು. ಜೀವಕೋಶದ ಪೊರೆ ಎಂಥ ಮರೆಗುಳಿ! ನಲವತ್ತು ದಿನದಲ್ಲಿ ಪಂಕ್ತಿಯಲ್ಲಿದ್ದ ಒಂದೊಂದು ಅಣುವನ್ನೂ ಎಬ್ಬಿಸಿ ಕಳಿಸಿ, ಹೊಸದನ್ನು ಕೂರಿಸಿಕೊಂಡು, ಏನೂ ಆಗದವರ ಹಾಗೆ ಕೂತಿತ್ತು. ನನಗೆ ಅದರ ಮೇಲೆ ಹೊಟ್ಟೆಕಿಚ್ಚಾಯಿತು.

ಮಾಷ್ಟ್ರು ಮಾತ್ರ ರಾಜೀನಾಮೆ ಕೊಟ್ಟರು. ಚುಕ್ಕಿ ವಾಪಸು ಬಂದರೂ ಕೊಟ್ಟ ಮಾತು ವಾಪಸು ಬರುವುದಿಲ್ಲ ಎಂದರು. ಘಟ್ಟದ ಬುಡದಲ್ಲಿ ಕಮಲಾಕ್ಷಿಯಮ್ಮನ ಅಕ್ಕನ ಮನೆಯಿದೆ, ಅಲ್ಲಿ ಬಂಡೆಯ ಸಂದಿನಿಂದ ಒರತೆ ಹರಿಯುತ್ತದೆ. ಇಬ್ಬರೂ ಅಲ್ಲಿಗೆ ಹೊರಟರು. ಸಾಮಾನು ಸಾಗಿಸುವ ದಿನ ನಾನು ಹೋದೆ. ಮಾಷ್ಟ್ರು ಪುಸ್ತಕದ ಪೆಟ್ಟಿಗೆಗಳನ್ನು ಲೆಕ್ಕ ಹಾಕುತ್ತಿದ್ದರು. ಚೌಕಟ್ಟುಗಳ ಅಂಚನ್ನು ವಾರಕ್ಕೊಮ್ಮೆ ನೋಡು, ಅಲ್ಲಿಂದಲೇ ಬಿರುಕು ಶುರುವಾಗುವುದು ಎಂದು ಹೇಳಿದರು. ಕಮಲಾಕ್ಷಿಯಮ್ಮ ಖಾಲಿ ಜಗಲಿಯನ್ನು ಗುಡಿಸುತ್ತಿದ್ದರು. ನಾನು ಅಂಗಳದಲ್ಲಿ ನಿಂತು, ಅಮ್ಮ, ನನ್ನ ಮೇಲೆ ಇನ್ನೂ ಸಿಟ್ಟಿದೆಯೇ ಎಂದು ಕೇಳಿದೆ.

ಅವರು ಗುಡಿಸುವುದನ್ನು ನಿಲ್ಲಿಸಿದರು.

“ಎಣ್ಣೆ ಹಾಕಿದ್ದಕ್ಕೆ ಸಿಟ್ಟಿಲ್ಲ. ಜನ ಉಳ್ಕಂಡ್ರ್, ಒಳ್ಳೇದಾಯ್ತ್” ಎಂದರು. “ನೀ ಹೇಳ್ದೆ ಇದ್ದಿರೆ ನಾ ಸುಖವಾಗಿ ಇರ್ತಿದ್ದೆ. ಹೇಳಿದ್ದೇ ಸರಿ ಅಂದೇಳೂ ಗೊತ್ತಿತ್ತ್. ಆದ್ರೆ ನಿನ್ನ್ ಮುಖ ಕಂಡ್ರೆ ಆ ಹದಿಮೂರ್ ದಿನವೇ ಕಾಣತ್ತ್. ನಾ ಎಂತ ಮಾಡುದ್ ಹೆಣೆ?”

ಹಿಡಿಸೂಡಿ ಇಸಿದುಕೊಂಡು ಉಳಿದರ್ಧ ಜಗಲಿಯನ್ನು ನಾನೇ ಗುಡಿಸಿದೆ. ಅವರು ಬೇಡ ಎನ್ನಲಿಲ್ಲ. ಟೆಂಪೋ ಹೊರಟಾಗ ಮಾಷ್ಟ್ರು ಕೈ ಎತ್ತಿದರು, ಕಮಲಾಕ್ಷಿಯಮ್ಮ ಮುಂದೆ ನೋಡುತ್ತಿದ್ದರು.

ನೀರಿನ ಮನೆಯ ಹೊಣೆ ಈಗ ನನ್ನದು. ಹೊಸದಾಗಿ ಅಧಿಕಾರ ವಹಿಸಿಕೊಂಡವರು ತುಂಬಬೇಕಾದ ಅರ್ಜಿಯೊಂದು ಪುರಸಭೆಯಿಂದ ನಿನ್ನೆ ಬಂತು. ಹೆಸರು, ವಯಸ್ಸು, ವಿದ್ಯಾರ್ಹತೆ, ರಕ್ತದ ಗುಂಪು ಎಲ್ಲ ಬರೆದೆ. ಕೊನೆಯಲ್ಲಿ ಒಂದು ಅಂಕಣವಿತ್ತು. ತುರ್ತು ಸಂದರ್ಭದಲ್ಲಿ ಯಾರಿಗೆ ತಿಳಿಸಬೇಕು, ಅವರ ಹೆಸರು ಮತ್ತು ಫೋನ್ ನಂಬರು. ಮಾಷ್ಟ್ರ ನಂಬರನ್ನು ಅರ್ಧ ಬರೆದು ಹೊಡೆದುಹಾಕಿದೆ. ಶೀನಣ್ಣನ ನಂಬರು ಬಾಯಿಪಾಠವಿದೆ, ಪೆನ್ನು ಮುಂದೆ ಹೋಗಲಿಲ್ಲ. ಖಾಲಿ ಬಿಟ್ಟು ಕಳಿಸಿದೆ. ಗುಮಾಸ್ತ ಇವತ್ತು ಬೆಳಿಗ್ಗೆ ವಾಪಸು ಕಳಿಸಿದ. ಖಾಲಿ ಬಿಡುವಂತಿಲ್ಲವಂತೆ, ಕಂಪ್ಯೂಟರು ಒಪ್ಪುವುದಿಲ್ಲವಂತೆ.

ಹಾಗಾಗಿ ನೀರಿನ ಮನೆಯ ನಂಬರನ್ನೇ ಬರೆದೆ. ಆ ಫೋನು ಇಲ್ಲೇ ನನ್ನ ಮೇಜಿನ ಮೇಲಿದೆ, ಎತ್ತುವವಳು ನಾನೇ.